ಪದವಿ ಇದ್ದವರಿಗೆ ಇನ್ನೊಂದು ಮತ ಏಕೆ?

ಬ್ಯಾಡಗಿಯ ಮಗಳು

ಕರ್ನಾಟಕ ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರದ ಮತದಾರರ ಪಟ್ಟಿಗೆ ಹೆಸರು ಸೇರಿಸಲು ನಮೂನೆ 18ನ್ನು ತುಂಬಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಈ ಮತ ನನಗೆ ಏಕಿದೆ, ನನ್ನ ಅವ್ವನಿಗೆ ಏಕಿಲ್ಲ?

ಗೊತ್ತಿಲ್ಲದವರಿಗಾಗಿ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಮ್ಮ ವಿಧಾನ ಪರಿಷತ್ತಿನಲ್ಲಿ 75 ಸ್ಥಾನಗಳಿವೆ. 25 ಮಂದಿಯನ್ನು ಶಾಸಕರು ಆರಿಸುತ್ತಾರೆ, 25 ಮಂದಿಯನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ, 11 ಮಂದಿ ನಾಮಕರಣಗೊಂಡವರು. ಉಳಿದ 14ರಲ್ಲಿ ಏಳು ಪದವೀಧರರ ಕ್ಷೇತ್ರಗಳು, ಏಳು ಶಿಕ್ಷಕರ ಕ್ಷೇತ್ರಗಳು. ಪದವಿ ಪಡೆದು ಮೂರು ವರ್ಷ ಕಳೆದಿರಬೇಕು, ಆ ಕ್ಷೇತ್ರದಲ್ಲಿ ವಾಸವಾಗಿರಬೇಕು. ಯಾವ ವಿಷಯದಲ್ಲಿ ಪದವಿ, ಎಷ್ಟು ಅಂಕ ಎಂದು ಯಾರೂ ಕೇಳುವುದಿಲ್ಲ. ಹಾವೇರಿ, ಧಾರವಾಡ, ಗದಗ, ಉತ್ತರ ಕನ್ನಡ ಸೇರಿದ ನಮ್ಮ ಪಶ್ಚಿಮ ಕ್ಷೇತ್ರಕ್ಕೆ ಹಿಂದಿನ ಸಲ ಮತದಾನ ನಡೆದದ್ದು 2020ರ ಅಕ್ಟೋಬರ್‌ನಲ್ಲಿ. ಸದಸ್ಯರ ಅವಧಿ ಆರು ವರ್ಷ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಸಿದ್ಧಪಡಿಸುವುದರಿಂದ ಹಳೆಯ ಪಟ್ಟಿಯಲ್ಲಿ ಹೆಸರಿದ್ದವರೂ ಮತ್ತೆ ಅರ್ಜಿ ಕೊಡಬೇಕು.

ನನ್ನ ಅವ್ವ ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಮಾಡುತ್ತಾಳೆ. ಮಾರುಕಟ್ಟೆಗೆ ಮಾಲು ಹೆಚ್ಚು ಬರುವ ತಿಂಗಳುಗಳಲ್ಲಿ ಸಂಜೆ ಮನೆಗೆ ಬಂದ ಮೇಲೂ ಅವಳ ಬೆರಳುಗಳು ಉರಿಯುತ್ತಿರುತ್ತವೆ. ಕೊಬ್ಬರಿ ಎಣ್ಣೆ ಸವರಿಕೊಂಡು, ಉರಿ ತುಸು ಇಳಿದ ಮೇಲೆ ರೊಟ್ಟಿ ಬಡಿಯಲು ಕೂರುತ್ತಾಳೆ. ಆ ದುಡ್ಡಿನಲ್ಲೇ ನನ್ನ ಬಿ.ಕಾಂ. ಮುಗಿಯಿತು. ಪರಿಷತ್ತಿನಲ್ಲಿ ಚರ್ಚೆಯಾಗುವ ಕೂಲಿ, ಪಡಿತರ, ಎಪಿಎಂಸಿ, ಶಾಲೆ, ಆಸ್ಪತ್ರೆ ಇವೆಲ್ಲ ನನಗಿಂತ ಮೊದಲು ಅವಳನ್ನು ತಟ್ಟುತ್ತವೆ. ಆದರೂ ಆ ಸದನಕ್ಕೆ ಸದಸ್ಯರನ್ನು ಕಳಿಸುವ ನೇರ ಹಕ್ಕು ನನಗಿದೆ, ಅವಳಿಗಿಲ್ಲ.

ಸಂವಿಧಾನದ 326ನೇ ವಿಧಿ ಲೋಕಸಭೆ, ವಿಧಾನಸಭೆಗಳಿಗೆ ವಯಸ್ಕ ಮತಾಧಿಕಾರ ಕೊಟ್ಟಿತು. ಅಲ್ಲಿ ಓದಿನ ಮಾತಿಲ್ಲ, ಆಸ್ತಿಯ ಮಾತಿಲ್ಲ. ಅದೇ ಸಂವಿಧಾನದ 171ನೇ ವಿಧಿ ಪದವೀಧರರಿಗೆ ಬೇರೆ ಬಾಗಿಲು ತೆರೆಯಿತು. ಇವೆರಡೂ ಒಂದೇ ಪುಸ್ತಕದಲ್ಲಿ ಹೇಗೆ ಹೊಂದಿಕೊಂಡಿವೆ? ಪದವೀಧರ ಕ್ಷೇತ್ರಗಳನ್ನು ತೆಗೆದುಹಾಕಬೇಕು, ಇಲ್ಲವೇ ಎಲ್ಲ ವಯಸ್ಕರಿಗೂ ತೆರೆಯಬೇಕು ಎಂಬುದು ನನ್ನ ನಿಲುವು. ನೀವು ಏನು ಹೇಳುತ್ತೀರಿ?

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ

ತಂಗಿ, ನಿಮ್ಮ ಕಳಕಳಿಗೆ ಗೌರವವಿದೆ. ಆದರೆ ನಿಲುವನ್ನು ಒಪ್ಪುವುದಿಲ್ಲ.

ತಲೆ ಎಣಿಸುವ ಸದನ ವಿಧಾನಸಭೆ. ಅಲ್ಲಿ ನಿಮ್ಮ ತಾಯಿಯವರ ಮತಕ್ಕೂ ನನ್ನ ಮತಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಇರಲೂ ಬಾರದು. ಸರ್ಕಾರವನ್ನು ಉಳಿಸುವುದು, ಉರುಳಿಸುವುದು ಆ ಸದನವೇ. ಪರಿಷತ್ತಿನ ಕೆಲಸ ಬೇರೆ. ಹಣಕಾಸು ಮಸೂದೆಯನ್ನು ಅದು ಹದಿನಾಲ್ಕು ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬೇರೆ ಮಸೂದೆಯಾದರೆ ಮೊದಲ ಸಲ ಮೂರು ತಿಂಗಳು, ಎರಡನೆಯ ಸಲ ಒಂದು ತಿಂಗಳು ತಡೆಯಬಹುದು. ಅಷ್ಟೇ ಅದರ ಬಲ. ಇನ್ನೊಮ್ಮೆ ಯೋಚಿಸಿ ಎಂದು ಹೇಳುವ ಸದನಕ್ಕೆ ಬೇರೆ ಬೇರೆ ದಾರಿಯಿಂದ ಜನ ಬರಲಿ ಎಂಬುದು ಸಂವಿಧಾನ ರಚಿಸಿದವರ ಆಶಯ.

ನಾನು ಅನುದಾನಿತ ಪ್ರೌಢಶಾಲೆಯಲ್ಲಿ ದುಡಿದವನು. ತಿಂಗಳುಗಟ್ಟಲೆ ಸಂಬಳ ಬಾರದೆ ಇದ್ದಾಗ, ಪಿಂಚಣಿಯ ಕಡತ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದಾಗ, ನಮ್ಮ ಮಾತು ಕೇಳಿಸಿಕೊಂಡವರು ಶಿಕ್ಷಕರ ಕ್ಷೇತ್ರದಿಂದ ಗೆದ್ದವರು. ಅತಿಥಿ ಉಪನ್ಯಾಸಕರ ಪಾಡು ಸದನದಲ್ಲಿ ಪದೇಪದೇ ಪ್ರಸ್ತಾಪವಾಗುವುದು ಯಾರಿಂದ ಎಂದು ಕಲಾಪ ನೋಡಿ. ಸಾಮಾನ್ಯ ಶಾಸಕರಿಗೆ ಎರಡು ಲಕ್ಷ ಮತದಾರರಲ್ಲಿ ಇನ್ನೂರು ಉಪನ್ಯಾಸಕರು ಕಣ್ಣಿಗೆ ಬೀಳುವುದಿಲ್ಲ.

ಜಯನಗರದ ಎಂಜಿನಿಯರ್

ಗುರುಗಳ ಮಾತಿನಿಂದ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಬೈಯುವವರು ಬೈಯಲಿ. ವಿಧಾನಸಭೆಗೂ ಒಂದು ಸಣ್ಣ ಅರ್ಹತಾ ಪರೀಕ್ಷೆ ಬೇಕು. ಬೈಕ್ ಓಡಿಸಲು ಪರವಾನಗಿ ಕೇಳುವ ದೇಶ ಸರ್ಕಾರ ಆರಿಸಲು ಏನನ್ನೂ ಕೇಳುವುದಿಲ್ಲ. ಶಾಸಕನ ಕೆಲಸ ಯಾವುದು, ಸಂಸದನ ಕೆಲಸ ಯಾವುದು, ಪಂಚಾಯಿತಿಯದು ಯಾವುದು ಎಂಬ ನಾಲ್ಕು ಪ್ರಶ್ನೆ ಸಾಕು. ಬಾಯಿಮಾತಿನಲ್ಲೇ ಕೇಳಲಿ, ಓದು ಬರಹ ಬಾರದವರೂ ಉತ್ತರಿಸಲಿ. ಸೀರೆಗೆ, ಸಾರಾಯಿಗೆ, ಐನೂರರ ನೋಟಿಗೆ ಬೀಳುವ ಮತದಿಂದ ನಷ್ಟವಾಗುವುದು ಆ ಬಡವರಿಗೇ. ಜಾತಿ ಇದರಲ್ಲಿ ಇಲ್ಲ, ಹಣ ಇದರಲ್ಲಿ ಇಲ್ಲ. ತಿಳಿವಳಿಕೆ ಮಾತ್ರ.

ಅಂಗನವಾಡಿ ಕಾರ್ಯಕರ್ತೆ, ಮತಗಟ್ಟೆ ಮಟ್ಟದ ಅಧಿಕಾರಿಯೂ ಹೌದು

ಎಂಜಿನಿಯರ್ ಸರ್, ಆ ನಾಲ್ಕು ಪ್ರಶ್ನೆ ಕೇಳುವವರು ಯಾರು? ನಾನೇ ಆಗಿರುತ್ತೇನೆ. ಪಟ್ಟಿ ಪರಿಷ್ಕರಣೆ ಎಂದರೆ ಮನೆ ಮನೆ ಸುತ್ತುವವರು ನಾವೇ ತಾನೆ. ಅದಕ್ಕಾಗಿಯೇ ಹೇಳುತ್ತೇನೆ, ಅಂಥ ಅಧಿಕಾರ ನನ್ನ ಕೈಗೆ ಬರುವುದು ಬೇಡ. ಬೀದಿಯ ಯಜಮಾನನ ಸೊಸೆಗೆ ಸುಲಭದ ಪ್ರಶ್ನೆ ಕೇಳು, ಕೇರಿಯ ಹೆಂಗಸಿಗೆ ಕಷ್ಟದ್ದು ಕೇಳು ಎಂದು ನನ್ನ ಮೇಲೆ ಒತ್ತಡ ಬರಲು ಒಂದು ವಾರವೂ ಬೇಕಾಗುವುದಿಲ್ಲ. ಈಗ ನಾನು ಕೇಳುವುದು ವಯಸ್ಸು ಮತ್ತು ವಿಳಾಸ. ಅದಕ್ಕೆ ಕಾಗದ ಇರುತ್ತದೆ, ಯಾರೂ ತಕರಾರು ತೆಗೆಯಲು ಆಗುವುದಿಲ್ಲ.

ಇನ್ನು ತಿಳಿವಳಿಕೆಯ ಮಾತು. ನಮ್ಮೂರಿನಲ್ಲಿ ಓದು ಬಾರದ ಹೆಂಗಸರಿಗೆ ಯಾವ ತಿಂಗಳು ಅಕ್ಕಿ ಕಡಿಮೆ ಬಂತು, ಯಾವ ಸದಸ್ಯ ನಲ್ಲಿ ಹಾಕಿಸುತ್ತೇನೆಂದು ಹೇಳಿ ಹಾಕಿಸಲಿಲ್ಲ, ಆಶಾ ಕಾರ್ಯಕರ್ತೆಗೆ ಗೌರವಧನ ಎಷ್ಟು ತಿಂಗಳು ನಿಂತಿದೆ ಎಲ್ಲವೂ ಬಾಯಿಪಾಠ. ಶಾಸಕನ ಕೆಲಸ ಯಾವುದು ಎಂದು ಪರೀಕ್ಷೆಯಲ್ಲಿ ಹೇಳಲು ಬರದೆ ಇರಬಹುದು. ಆದರೆ ಕೆಲಸ ಆಗಿದೆಯೋ ಇಲ್ಲವೋ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ದುಡ್ಡು ಹಂಚುವುದು ಪಾಪ, ನಿಜ. ಹಂಚುವವನು ಓದಿದವನು, ಲೆಕ್ಕ ಇಡುವವನು ಓದಿದವನು. ಶಿಕ್ಷೆ ಮಾತ್ರ ಓದದವಳ ಮತಕ್ಕೆ ಏಕೆ?

ಜಯನಗರದ ಎಂಜಿನಿಯರ್

ಪ್ರಶ್ನೆಯನ್ನು ಮನುಷ್ಯರು ಕೇಳಬೇಕಿಲ್ಲ, ಯಂತ್ರ ಕೇಳಲಿ. ಪಕ್ಷಪಾತದ ಮಾತೇ ಬರುವುದಿಲ್ಲ.

ಇತಿಹಾಸ ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಯಂತ್ರಕ್ಕೆ ಪ್ರಶ್ನೆ ತುಂಬುವವರು, ಯಾವ ಉತ್ತರ ಸರಿ ಎಂದು ನಿರ್ಧರಿಸುವವರು ಮನುಷ್ಯರೇ ಆಗಿರುತ್ತಾರೆ ಸರ್. ಈ ಪರೀಕ್ಷೆ ಹೊಸ ಆಲೋಚನೆಯೂ ಅಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯ 1890ರ ತನ್ನ ಸಂವಿಧಾನದಲ್ಲಿ ಇದನ್ನೇ ತಂದಿತು. ಮತದಾರನಾಗಬೇಕಾದರೆ ರಾಜ್ಯ ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕು, ಅಥವಾ ಓದಿ ಹೇಳಿದಾಗ ಅರ್ಥ ಮಾಡಿಕೊಳ್ಳಬೇಕು, ಇಲ್ಲವೇ ಅದಕ್ಕೆ ತಕ್ಕ ವಿವರಣೆ ಕೊಡಬೇಕು. ನಿಯಮದಲ್ಲಿ ಬಣ್ಣದ ಸೊಲ್ಲೇ ಇರಲಿಲ್ಲ. ವಿವರಣೆ ತಕ್ಕದ್ದೋ ಅಲ್ಲವೋ ಎಂದು ತೀರ್ಮಾನಿಸುವವನು ನೋಂದಣಿ ಗುಮಾಸ್ತ. ಅವನು ಬಿಳಿಯ. ಕಪ್ಪು ಜನರು ಪಟ್ಟಿಯಿಂದ ಹೆಚ್ಚುಕಡಿಮೆ ಅಳಿಸಿಯೇ ಹೋದರು. ದಕ್ಷಿಣದ ಬೇರೆ ರಾಜ್ಯಗಳೂ ಇದನ್ನು ಅನುಸರಿಸಿದವು. 1965ರ ಮತದಾನ ಹಕ್ಕುಗಳ ಕಾಯ್ದೆ ಬರುವವರೆಗೆ, ಅಂದರೆ ಮುಕ್ಕಾಲು ಶತಮಾನ ಇದು ನಡೆಯಿತು.

ನಮ್ಮಲ್ಲಿಗೆ ಬರೋಣ. ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾಯಿತು ಎಂದು ನಾವು ಹೆಮ್ಮೆ ಪಡುತ್ತೇವೆ. ಪಡಲೇಬೇಕು, ದೇಶೀ ಸಂಸ್ಥಾನವೊಂದರಲ್ಲಿ ಅದು ಮೊದಲನೆಯದು. ಆದರೆ 1891ರಲ್ಲಿ ಅದಕ್ಕೆ ಚುನಾವಣೆ ಆರಂಭವಾದಾಗ ಮತ ಇದ್ದದ್ದು ಮುಖ್ಯವಾಗಿ ಇಂತಿಷ್ಟು ಕಂದಾಯ, ತೆರಿಗೆ ಕಟ್ಟುವವರಿಗೆ. ಗೇಣಿಗೆ ಉತ್ತು ಬೆಳೆದವನಿಗೆ ಇರಲಿಲ್ಲ, ಜಮೀನಿನ ಒಡೆಯನಿಗೆ ಇತ್ತು. ಹೆಂಗಸರಿಗೆ ಅಡ್ಡಿ ತೊಲಗಿದ್ದು 1920ರ ದಶಕದ ಆರಂಭದಲ್ಲಿ, ಅದೂ ಅದೇ ಆಸ್ತಿಯ ಅರ್ಹತೆ ಇದ್ದವರಿಗೆ ಮಾತ್ರ.

ಬ್ರಿಟಿಷ್ ಭಾರತದಲ್ಲಿ 1935ರ ಕಾಯ್ದೆಯ ಕೆಳಗೆ 1937ರಲ್ಲಿ ಪ್ರಾಂತೀಯ ಚುನಾವಣೆ ನಡೆದಾಗ ಮತದಾರರು ಸುಮಾರು ಮೂರು ಕೋಟಿ. ಆಸ್ತಿ, ತೆರಿಗೆ, ಓದು ಇವೇ ಅಳತೆಗೋಲು. ಹದಿನೈದೇ ವರ್ಷದಲ್ಲಿ, 1951-52ರ ಮೊದಲ ಸಾರ್ವತ್ರಿಕ ಚುನಾವಣೆಗೆ ಪಟ್ಟಿಯಲ್ಲಿದ್ದವರು 17 ಕೋಟಿಗೂ ಹೆಚ್ಚು. ಆಗ ದೇಶದ ಸಾಕ್ಷರತೆ ಶೇ. 18ರಷ್ಟು. ಓದು ಕಲಿತ ಮೇಲೆ ಮತ ಕೊಡೋಣ ಎಂದು ಆ ದಿನಗಳಲ್ಲಿ ಬುದ್ಧಿ ಹೇಳಿದವರು ಕಡಿಮೆ ಇರಲಿಲ್ಲ. ಹಾಗೆ ಕಾದಿದ್ದರೆ ಹಳ್ಳಿಗೆ ಶಾಲೆ ಕೊಡಿ ಎಂದು ಕೇಳುವ ಬಲವೇ ಆ ಹಳ್ಳಿಗಳಿಗೆ ಬರುತ್ತಿರಲಿಲ್ಲ. ಅಂಬೇಡ್ಕರ್ 1919ರಲ್ಲಿ ಮತಾಧಿಕಾರದ ಬಗ್ಗೆ ವಿಚಾರಿಸಿದ ಸೌತ್‌ಬರೋ ಸಮಿತಿಯ ಮುಂದೆ, 1928ರಲ್ಲಿ ಸೈಮನ್ ಆಯೋಗದ ಮುಂದೆ ಹೇಳಿಕೆ ಕೊಟ್ಟಾಗಲೂ ಆಸ್ತಿ ಮತ್ತು ಓದಿನ ಅರ್ಹತೆ ಯಾರನ್ನು ಹೊರಗಿಡುತ್ತದೆ ಎಂಬುದೇ ಅವರ ಕಳವಳವಾಗಿತ್ತು. ಶಾಲೆಯ ಬಾಗಿಲು ಮುಚ್ಚಿದವರೇ ಓದಿಲ್ಲವೆಂದು ಮತಗಟ್ಟೆಯ ಬಾಗಿಲನ್ನೂ ಮುಚ್ಚುವುದು ಯಾವ ನ್ಯಾಯ?

ಆ ಮೊದಲ ಪಟ್ಟಿಯ ಇನ್ನೊಂದು ಸಂಗತಿಯನ್ನು ಹೇಳದೆ ಇರಲಾರೆ. ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ಅಪರಿಚಿತರ ಮುಂದೆ ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದುಗಳನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹಕ್ಕು ಕಾಗದದಲ್ಲಿ ಇತ್ತು. ಅದನ್ನು ಹೆಸರಿನೊಂದಿಗೆ ಪಡೆಯಲು ಅವರಿಗೆ ಮುಂದಿನ ಚುನಾವಣೆ ಬರಬೇಕಾಯಿತು.

ಪದವೀಧರರಿಗೆ ಎರಡನೆಯ ಮತ ಎಂಬುದು ಬ್ರಿಟನ್ನಿನಲ್ಲೂ ಇತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ವಿಶ್ವವಿದ್ಯಾಲಯಗಳ ಪದವೀಧರರು ತಮ್ಮ ಊರಿನ ಕ್ಷೇತ್ರದಲ್ಲಿ ಒಂದು, ವಿಶ್ವವಿದ್ಯಾಲಯ ಕ್ಷೇತ್ರದಲ್ಲಿ ಇನ್ನೊಂದು ಮತ ಹಾಕುತ್ತಿದ್ದರು. 1948ರ ಕಾಯ್ದೆ ಅದನ್ನು ಕೊನೆಗಾಣಿಸಿತು. ಅವರು ಬಿಟ್ಟ ಕಾಲಕ್ಕೆ ಸರಿಯಾಗಿ ನಾವು ಬರೆದುಕೊಂಡೆವು.

ದುಬೈ ಕನ್ನಡಿಗ

ನಡುವೆ ಒಂದು ಮಾತು. 2010ರ ತಿದ್ದುಪಡಿಯಿಂದ ನಮ್ಮಂಥ ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೂ ಮತದಾರರ ಪಟ್ಟಿಯಲ್ಲಿ ಜಾಗ ಇದೆ, ನಮೂನೆ 6ಎ ತುಂಬಬೇಕು. ಆದರೆ ಮತ ಹಾಕಲು ಊರಿನ ಮತಗಟ್ಟೆಗೇ ಬರಬೇಕು. ವಿಮಾನದ ಟಿಕೆಟ್ ಕೊಳ್ಳಬಲ್ಲವರು ಬಂದು ಹಾಕುತ್ತಾರೆ. ಇಲ್ಲಿ ಕಟ್ಟಡದ ಕೆಲಸ ಮಾಡುವ ಕರಾವಳಿಯ, ಕಲಬುರಗಿಯ ಹುಡುಗರಿಗೆ ರಜೆಯೂ ಇಲ್ಲ, ಟಿಕೆಟಿನ ಹಣವೂ ಇಲ್ಲ. ಇದೂ ಎಲ್ಲೂ ಬರೆಯದ ಒಂದು ಆಸ್ತಿಯ ಅರ್ಹತೆಯೇ.

ಸುರಪುರದವನು, ಸದ್ಯ ಬೆಂಗಳೂರಿನಲ್ಲಿ

ದುಬೈ ಅಣ್ಣನವರು ಹೇಳಿದ್ದಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ನನಗೆ ಯಾದಗಿರಿ ಜಿಲ್ಲೆಯಲ್ಲಿ ಮತ ಇದೆ, ಇರುವುದು ವೈಟ್‌ಫೀಲ್ಡ್ ಹತ್ತಿರದ ಕಟ್ಟಡದ ಶೆಡ್ಡಿನಲ್ಲಿ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಗುಳೆ ಹೋಗದ ಮನೆ ಕಡಿಮೆ. ಕೆಲವರು ಬೆಂಗಳೂರಿಗೆ, ಕೆಲವರು ಮುಂಬೈ, ಪುಣೆ, ಗೋವಾಕ್ಕೆ. ಲೋಕಸಭೆ, ವಿಧಾನಸಭೆ ಚುನಾವಣೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಊರಿನಲ್ಲಿ ಮುದುಕರು, ಮಕ್ಕಳು ಇರುವ ಹೊತ್ತು ಅದು.

ಇರುವ ಕಡೆಯೇ ಹೆಸರು ಸೇರಿಸಿಕೊಳ್ಳಿ ಎನ್ನುತ್ತಾರೆ. ಕಾನೂನಿನಲ್ಲಿ ಅವಕಾಶ ಇದೆ, ಸಾಮಾನ್ಯವಾಗಿ ಎಲ್ಲಿ ವಾಸವೋ ಅಲ್ಲಿ. ನಾವು ಎಲ್ಲಿ ವಾಸ? ಈ ಕಟ್ಟಡ ಮುಗಿಯುವವರೆಗೆ ಇಲ್ಲಿ, ಆಮೇಲೆ ಮೇಸ್ತ್ರಿ ಕರೆದುಕೊಂಡು ಹೋದ ಕಡೆ. ಬಾಡಿಗೆ ಕರಾರು ಇಲ್ಲ, ವಿದ್ಯುತ್ ಬಿಲ್ ಇಲ್ಲ. ಊರಿನ ಪಟ್ಟಿಯಿಂದ ಹೆಸರು ತೆಗೆಸಿದರೆ ಅಲ್ಲಿಯ ರೇಷನ್‌ಗೆ, ಮನೆ ಹಂಚಿಕೆಗೆ ಕುತ್ತು ಬಂದೀತೆಂಬ ಹೆದರಿಕೆ ಬೇರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದರೂ ಹೆದರಿಕೆ ಹೋಗುವುದಿಲ್ಲ.

ಮತದಾನದ ದಿನ ಸಂಬಳ ಸಹಿತ ರಜೆ ಕೊಡಬೇಕು, ದಿನಗೂಲಿಯವರಿಗೂ ಕೊಡಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ನಮ್ಮ ಶೆಡ್ಡಿನಲ್ಲಿ ಅದನ್ನು ಕೇಳಿದವರಿಲ್ಲ, ಕೊಟ್ಟವರೂ ಇಲ್ಲ. ಹೋಗಿ ಬರಲು ಒಂದು ರಾತ್ರಿ, ಇನ್ನೊಂದು ರಾತ್ರಿ, ನಡುವಿನ ಹಗಲು. ಬಸ್ಸಿನ ಚಾರ್ಜು, ಹೋದ ಕೂಲಿ ಸೇರಿಸಿದರೆ ಗಂಡ ಹೆಂಡತಿಗೆ ವಾರದ ದುಡಿಮೆ. ಹೋಗಲಿ ಎಂದು ಯಾರಾದರೂ ಬಸ್ಸು ಮಾಡಿಸಿ ಕರೆದೊಯ್ದರೆ, ನೋಡಿ ಮತ ಮಾರಿಕೊಂಡರು ಎಂದು ಹೇಳುವವರು ಈ ಚರ್ಚೆಯಲ್ಲೂ ಇದ್ದಾರೆ.

2022ರ ಕೊನೆಯಲ್ಲಿ ಚುನಾವಣಾ ಆಯೋಗ ದೂರದಿಂದಲೇ ಮತ ಹಾಕುವ ಯಂತ್ರವೊಂದನ್ನು ಸಿದ್ಧಪಡಿಸಿರುವುದಾಗಿ ಹೇಳಿತು. ಒಂದೇ ಮತಗಟ್ಟೆಯಲ್ಲಿ 72 ಕ್ಷೇತ್ರಗಳ ಮತ ಹಾಕಬಹುದು ಎಂದಿತ್ತು. ಜನವರಿ 2023ರಲ್ಲಿ ಪಕ್ಷಗಳನ್ನು ಕರೆಸಿತು. ಪಕ್ಷಗಳು ತಕರಾರು ತೆಗೆದವು. 2024ರ ಚುನಾವಣೆಗೂ ನಾವು ಶೆಡ್ಡಿನಲ್ಲೇ ಇದ್ದೆವು.

ಬ್ಯಾಡಗಿಯ ಅಕ್ಕನವರು ಎರಡನೆಯ ಮತದ ಬಗ್ಗೆ ಬರೆದಿದ್ದಾರೆ, ಬರೆಯಲಿ. ನಮ್ಮದು ಮೊದಲನೆಯದೇ ಕೈಗೆ ಸಿಕ್ಕಿಲ್ಲ.

ಜಯನಗರದ ಎಂಜಿನಿಯರ್

ಸುರಪುರದ ಸೋದರರೇ, ನಿಮಗೆ ಇದ್ದಲ್ಲೇ ಮತ ಹಾಕುವ ವ್ಯವಸ್ಥೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಯಂತ್ರದ ಭದ್ರತೆ ಪರೀಕ್ಷಿಸುವ ಕೆಲಸಕ್ಕೆ ನಾನೇ ಬರಲು ಸಿದ್ಧ. ಆದರೆ ನನ್ನ ಮೂಲ ಪ್ರಶ್ನೆಗೆ ಉತ್ತರ ಬಂದಿಲ್ಲ. ತಿಳಿದು ಹಾಕಿದ ಮತಕ್ಕೂ ತಿಳಿಯದೆ ಹಾಕಿದ ಮತಕ್ಕೂ ಒಂದೇ ಬೆಲೆ ಏಕೆ? ಜಾನ್ ಸ್ಟುವರ್ಟ್ ಮಿಲ್‌ನಂಥ ಸ್ವಾತಂತ್ರ್ಯಪ್ರಿಯ ಚಿಂತಕನೂ ಓದಿದವರಿಗೆ ಹೆಚ್ಚು ಮತ ಇರಲಿ ಎಂದಿದ್ದ.

ಅಂಗನವಾಡಿ ಕಾರ್ಯಕರ್ತೆ, ಮತಗಟ್ಟೆ ಮಟ್ಟದ ಅಧಿಕಾರಿಯೂ ಹೌದು

ಸರ್, 2024ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ. 81ಕ್ಕೂ ಹೆಚ್ಚು ಮತದಾನ ಆಯಿತು. ನಿಮ್ಮ ಜಯನಗರ ಇರುವ ಬೆಂಗಳೂರು ದಕ್ಷಿಣದಲ್ಲಿ ಶೇ. 53ರಷ್ಟು. ಬೆಂಗಳೂರಿನ ಪಟ್ಟಿಯಲ್ಲಿ ಮನೆ ಬದಲಿಸಿದವರ, ಎರಡೆರಡು ಕಡೆ ಸೇರಿದವರ ಹೆಸರು ಉಳಿದಿರುತ್ತದೆ, ಆ ಲೆಕ್ಕ ಬಿಡೋಣ. ಬಿಟ್ಟರೂ ಅಂತರ ದೊಡ್ಡದು. ಬಿಸಿಲಿನಲ್ಲಿ ಸಾಲು ನಿಂತು ಹಾಕಿದವಳ ಮತ ಹಗುರ, ಮನೆಯಿಂದ ಹೊರಬಾರದವನ ಮತ ಭಾರ ಎಂದು ಯಾವ ತಕ್ಕಡಿ ಹೇಳುತ್ತದೆ?

ಹುಬ್ಬಳ್ಳಿ ವಕೀಲ

ಕಾನೂನಿನ ಕೆಲವು ಎಳೆಗಳು ಬಿಟ್ಟುಹೋಗಿವೆ.

ಪದವೀಧರ ಕ್ಷೇತ್ರದ ಬಗ್ಗೆ 1972ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಮದ್ರಾಸಿನ ಪದವೀಧರ ಕ್ಷೇತ್ರದಿಂದ ಗೆದ್ದವರು ಪದವೀಧರರಲ್ಲ ಎಂಬುದು ಅರ್ಜಿ. ಮತದಾರನಿಗೆ ಪದವಿ ಬೇಕೆಂದು ಸಂವಿಧಾನ ಹೇಳುತ್ತದೆ, ಅಭ್ಯರ್ಥಿಗೆ ಬೇಕೆಂದು ಹೇಳುವುದಿಲ್ಲ, ಆದ್ದರಿಂದ ಆಯ್ಕೆ ಸರಿ ಎಂದಿತು ನ್ಯಾಯಾಲಯ. ಅಂದರೆ ಪದವಿ ಇಲ್ಲದವರು ಸದನದಲ್ಲಿ ಆ ಪೀಠದಲ್ಲಿ ಕುಳಿತು ಕಾನೂನು ಮಾಡಬಹುದು. ಆದರೆ ಅವರನ್ನು ಆರಿಸುವ ಮತ ಹಾಕುವಂತಿಲ್ಲ. ತಿಳಿವಳಿಕೆ ಉಳ್ಳವರನ್ನು ಸದನಕ್ಕೆ ತರುವ ಬಾಗಿಲು ಇದು ಎಂಬ ವಾದ ಇಲ್ಲಿ ಕುಂಟುತ್ತದೆ.

ಅಭ್ಯರ್ಥಿಗೆ ಓದು ಬೇಕು ಎನ್ನುವ ಕಾನೂನುಗಳೂ ಬಂದಿವೆ. ಹರಿಯಾಣ 2015ರಲ್ಲಿ ಪಂಚಾಯಿತಿಗೆ ನಿಲ್ಲುವ ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೆಯ ತರಗತಿ ಕಡ್ಡಾಯ ಮಾಡಿತು, ಹೆಂಗಸರಿಗೂ ಪರಿಶಿಷ್ಟ ಜಾತಿಯವರಿಗೂ ಅದಕ್ಕಿಂತ ಕಡಿಮೆ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ರಾಜಸ್ಥಾನ ಅಂಥದೇ ನಿಯಮ ತಂದು 2019ರಲ್ಲಿ ಕೈಬಿಟ್ಟಿತು. ಹರಿಯಾಣದ ತೀರ್ಪನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸಂವಿಧಾನ ಜಾರಿಯಾದ ಅರವತ್ತು ವರ್ಷಗಳಲ್ಲಿ ಹುಡುಗಿಯರನ್ನು ಶಾಲೆಗೆ ಕಳಿಸಲಾಗದ ಸರ್ಕಾರ, ಆ ಹುಡುಗಿಯರು ಬೆಳೆದು ಹೆಂಗಸರಾದ ಮೇಲೆ ನೀವು ಅನರ್ಹರು ಎಂದಿತು.

ಇನ್ನು ಜೈಲು. ಪ್ರಜಾಪ್ರತಿನಿಧಿ ಕಾಯ್ದೆ, 1951ರ 62(5)ನೇ ಕಲಂ ಪ್ರಕಾರ ಸೆರೆಮನೆಯಲ್ಲಿ ಇರುವವರು, ಪೊಲೀಸರ ವಶದಲ್ಲಿ ಇರುವವರು ಮತ ಹಾಕುವಂತಿಲ್ಲ. ಅಪರಾಧ ಸಾಬೀತಾಗಿರಬೇಕಿಲ್ಲ. 2022ರ ಅಂಕಿಅಂಶಗಳ ಪ್ರಕಾರ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ನಾಲ್ಕು ಲಕ್ಷಕ್ಕೂ ಮೀರಿ. ಜಾಮೀನು ಸಿಕ್ಕವನು ಹೊರಗೆ ಬಂದು ಮತ ಹಾಕುತ್ತಾನೆ. ಜಾಮೀನು ಸಿಕ್ಕಿಯೂ ಶ್ಯೂರಿಟಿ ಕೊಡುವವರಿಲ್ಲದವನು ಒಳಗೇ ಉಳಿಯುತ್ತಾನೆ, ಅವನಿಗೆ ಮತವಿಲ್ಲ. ಮುನ್ನೆಚ್ಚರಿಕೆಯ ಬಂಧನದಲ್ಲಿ ಇರುವವರಿಗೆ ಅಂಚೆ ಮತ ಉಂಟು. ಇನ್ನೂ ವಿಚಿತ್ರವೆಂದರೆ, ಒಳಗಿರುವವನು ಚುನಾವಣೆಗೆ ನಿಲ್ಲಬಹುದು. ನಿಲ್ಲುವಂತಿಲ್ಲ ಎಂದು 2013ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು ಅದೇ ವರ್ಷ ಕಾಯ್ದೆ ತಿದ್ದಿ ಆ ಹಾದಿಯನ್ನು ಮತ್ತೆ ತೆರೆಯಿತು. ಅಭ್ಯರ್ಥಿಗಾಗಿ ಇಷ್ಟು ಚುರುಕಾಗಿ ಓಡಿದ ಸಂಸತ್ತು ಮತದಾರನಿಗಾಗಿ ಎದ್ದು ನಿಲ್ಲಲಿಲ್ಲ. ನನ್ನ ಕಕ್ಷಿದಾರರಲ್ಲಿ ಎಷ್ಟೋ ಮಂದಿ ಕೊನೆಗೆ ಬಿಡುಗಡೆಯಾದವರು. ಅಷ್ಟರಲ್ಲಿ ಅವರ ಚುನಾವಣೆಗಳು ಮುಗಿದುಹೋಗಿದ್ದವು.

ಬ್ಯಾಡಗಿಯ ಮಗಳು

ಎಲ್ಲರ ಮಾತನ್ನೂ ಓದಿದೆ. ಸುರಪುರದ ಅಣ್ಣನವರ ಬರಹ, ವಕೀಲರ ಬರಹ ಓದಿದ ಮೇಲೆ ನನ್ನ ಪ್ರಶ್ನೆ ಇನ್ನಷ್ಟು ಗಟ್ಟಿಯಾಯಿತು. ಮತ ಇಲ್ಲದಂತಾಗುವುದು ಯಾರಿಗೆ ಎಂದು ನೋಡಿ. ಕೂಲಿಗೆ ಗುಳೆ ಹೋದವರಿಗೆ, ಶ್ಯೂರಿಟಿ ಸಿಗದವರಿಗೆ. ಹೆಚ್ಚಿನ ಮತ ಸಿಗುವುದು ಯಾರಿಗೆ? ಕಾಲೇಜು ಮೆಟ್ಟಿಲು ಹತ್ತಲು ಸಾಧ್ಯವಾದವರಿಗೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88 ದಾಟಿತ್ತು, ಯಾದಗಿರಿಯದು ಶೇ. 52 ಮುಟ್ಟಿರಲಿಲ್ಲ. ಯಾದಗಿರಿಯವರು ದಡ್ಡರೆಂದಲ್ಲ. ಶಾಲೆ, ನೀರು, ರಸ್ತೆ ಅಲ್ಲಿಗೆ ತಡವಾಗಿ ಹೋದವು, ಕೆಲವು ಊರಿಗೆ ಹೋಗಲೇ ಇಲ್ಲ. ಆ ತಡಕ್ಕೆ ಕಾರಣವಾದ ಸರ್ಕಾರಗಳನ್ನು ಪ್ರಶ್ನಿಸುವ ಸದನಕ್ಕೆ ಅಲ್ಲಿಂದಲೇ ಕಡಿಮೆ ಮತದಾರರು ಎಂದರೆ ಹೇಗೆ?

ಎಂಜಿನಿಯರ್ ಸರ್, ತಿಳಿದು ಹಾಕಿದ ಮತಕ್ಕೆ ಬೆಲೆ ಹೆಚ್ಚಿರಲಿ ಎನ್ನುತ್ತೀರಿ. ಮತ ಎಂಬುದು ತಿಳಿವಳಿಕೆಗೆ ಕೊಡುವ ಬಹುಮಾನ ಎಂದು ನಾನು ಭಾವಿಸಿಲ್ಲ. ನಿರ್ಧಾರದ ಹೊರೆ ಯಾರ ಹೆಗಲ ಮೇಲೆ ಬೀಳುತ್ತದೋ ಅವರಿಗೆ ಆ ನಿರ್ಧಾರದಲ್ಲಿ ಪಾಲು ಇರಬೇಕು. ಅಕ್ಕಿ ನಿಂತರೆ ನಿಮ್ಮ ಮನೆಯ ಒಲೆ ಉರಿಯುತ್ತದೆ, ನಮ್ಮದು ಉರಿಯುವುದಿಲ್ಲ. ತಿಳಿವಳಿಕೆ ಹೆಚ್ಚಿದ್ದವರು ಅದನ್ನು ಬಳಸಿ ಇತರರ ಮನವೊಲಿಸಲಿ, ಬರೆಯಲಿ, ಭಾಷಣ ಮಾಡಲಿ. ಆ ಅನುಕೂಲ ಅವರಿಗೆ ಈಗಾಗಲೇ ಇದೆ.

ಇನ್ನೊಂದು ಸಂಗತಿ. ಪದವೀಧರ ಕ್ಷೇತ್ರದ ಮತಪತ್ರ ಕಾಗದದ್ದು, ಚಿಹ್ನೆ ಇರುವುದಿಲ್ಲ. ಅವರೇ ಕೊಡುವ ಪೆನ್ನಿನಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯದ ಅಂಕಿ ಬರೆಯಬೇಕು. ಗುರುತು ಹಾಕಿದರೆ, ಸಹಿ ಮಾಡಿದರೆ, ಅಕ್ಷರದಲ್ಲಿ ಒಂದು ಎಂದು ಬರೆದರೆ ಅಸಿಂಧು. ಪ್ರತಿ ಎಣಿಕೆಯಲ್ಲೂ ಸಾವಿರಾರು ಮತ ಹೀಗೆ ಅಸಿಂಧು ಆಗುತ್ತವೆ. ಹಾಕಿದವರೆಲ್ಲ ಪದವೀಧರರು. ಪದವಿಯನ್ನೇ ವಿವೇಕ ಎಂದುಕೊಳ್ಳುವವರು ಆ ಎಣಿಕೆ ಕೇಂದ್ರಕ್ಕೆ ಒಮ್ಮೆ ಹೋಗಿ ಬರಲಿ.

ಗುರುಗಳೇ, ಅತಿಥಿ ಉಪನ್ಯಾಸಕರ ಪಾಡನ್ನು ಹೇಳಲು ಸದನದಲ್ಲಿ ಒಬ್ಬರು ಬೇಕು ಎಂದಿರಿ. ಒಪ್ಪುತ್ತೇನೆ. ಹಾಗಿದ್ದರೆ ಬೀಡಿ ಕಟ್ಟುವವರ, ಕಬ್ಬು ಕಡಿಯುವವರ, ಪೌರಕಾರ್ಮಿಕರ ಪಾಡನ್ನು ಹೇಳಲು ಏಳು ಸ್ಥಾನ ಎಲ್ಲಿವೆ?

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ

ಆ ಏಳು ಸ್ಥಾನ ಅವರಿಗೂ ಕೊಡಿ ಎಂದು ನಾನು ಸಹಿ ಹಾಕುತ್ತೇನೆ ತಂಗಿ. ಇರುವುದನ್ನು ಕಿತ್ತುಕೊಳ್ಳಿ ಎಂಬುದಕ್ಕೆ ಹಾಕಲಾರೆ. ಮಾತನಾಡುವ ಬಾಯಿ ಕಡಿಮೆ ಇರುವ ಕಾಲದಲ್ಲಿ ಇರುವ ಬಾಯಿಯನ್ನೂ ಮುಚ್ಚಿಸಿದರೆ ಗೆಲ್ಲುವುದು ಪಕ್ಷಗಳ ಹೈಕಮಾಂಡ್ ಮಾತ್ರ. ಶಾಸಕರು ಆರಿಸುವ 25 ಸ್ಥಾನಗಳು ಹೇಗೆ ಹಂಚಿಕೆಯಾಗುತ್ತವೆ ಎಂದು ಎಲ್ಲರಿಗೂ ಗೊತ್ತು. ಪದವೀಧರರ ಏಳು ಹೋದರೆ ಅವೂ ಅದೇ ದಾರಿ ಹಿಡಿಯುತ್ತವೆ ಎಂಬುದು ನನ್ನ ಭಯ. ವಕೀಲರೇ, ಬದಲಾಯಿಸಬೇಕೆಂದರೆ ಸಂವಿಧಾನವನ್ನೇ ತಿದ್ದಬೇಕಲ್ಲವೇ?

ಹುಬ್ಬಳ್ಳಿ ವಕೀಲ

ಬೇಕಿಲ್ಲ ಗುರುಗಳೇ. 171ನೇ ವಿಧಿಯ ಎರಡನೆಯ ಉಪವಿಧಿಯನ್ನು ಓದಿ. ಸಂಸತ್ತು ಕಾನೂನಿನ ಮೂಲಕ ಬೇರೆ ವ್ಯವಸ್ಥೆ ಮಾಡುವವರೆಗೆ ಪರಿಷತ್ತಿನ ರಚನೆ ಹೀಗಿರತಕ್ಕದ್ದು ಎಂದಿದೆ. ಪದವೀಧರರ ಪಾಲು, ಶಿಕ್ಷಕರ ಪಾಲು ಎಲ್ಲವೂ ಆ ತಾತ್ಕಾಲಿಕ ಮಾತಿನ ಕೆಳಗೆ ಬರುತ್ತವೆ. ಏಳು ದಶಕ ಕಳೆದರೂ ಸಂಸತ್ತು ಅದನ್ನು ಮುಟ್ಟಿಲ್ಲ. ಸಾಮಾನ್ಯ ಬಹುಮತದ ಒಂದು ಕಾಯ್ದೆ ಸಾಕು. ಪರಿಷತ್ತನ್ನೇ ತೆಗೆಯಬೇಕಾದರೆ 169ನೇ ವಿಧಿ ಇದೆ, ಅದಕ್ಕೆ ವಿಧಾನಸಭೆಯ ವಿಶೇಷ ಬಹುಮತದ ನಿರ್ಣಯ ಬೇಕು. ತಮಿಳುನಾಡು 1986ರಲ್ಲಿ ಆ ದಾರಿ ಹಿಡಿಯಿತು. ಆಂಧ್ರ 1985ರಲ್ಲಿ ತೆಗೆದು 2007ರಲ್ಲಿ ಮತ್ತೆ ತಂದಿತು. ನಾವು ಕೇಳಬೇಕಾದದ್ದು ಮೊದಲನೆಯದನ್ನು, ನಮ್ಮ ಸಂಸದರನ್ನು. ಶಾಸಕರ ಮನೆ ಬಾಗಿಲಿಗೆ ಅಲೆದು ಫಲವಿಲ್ಲ.

ಬ್ಯಾಡಗಿಯ ಮಗಳು

ಹಾಗಾದರೆ ಮನವಿಯನ್ನು ಸಂಸದರಿಗೇ ಬರೆಯುತ್ತೇನೆ. ಕರಡಿನಲ್ಲಿ ಮೂರು ಬೇಡಿಕೆ ಇಟ್ಟಿದ್ದೇನೆ. ಪದವೀಧರರ ಏಳು ಸ್ಥಾನಗಳಿಗೆ ಆ ಭಾಗದ ಎಲ್ಲ ವಯಸ್ಕರೂ ಮತ ಹಾಕುವಂತೆ ಸಂಸತ್ತು ಕಾಯ್ದೆ ತರಲಿ. ಗುಳೆ ಹೋದವರು ಇದ್ದಲ್ಲೇ ಮತ ಹಾಕುವ ವ್ಯವಸ್ಥೆಯ ಚರ್ಚೆಯನ್ನು ಮತ್ತೆ ಆರಂಭಿಸಲಿ. ಶಿಕ್ಷೆಯಾಗದ ಕೈದಿಗೆ ಅಂಚೆ ಮತ ಕೊಡಲಿ.

ಗುರುಗಳೇ, ಎಲ್ಲ ವಯಸ್ಕರಿಗೂ ತೆರೆದರೆ ಆ ಏಳು ಸ್ಥಾನ ಹೈಕಮಾಂಡ್ ಕೈಗೆ ಹೋಗುವುದಿಲ್ಲ, ಜನರ ಕೈಗೆ ಬರುತ್ತವೆ ಎಂಬುದು ನನ್ನ ನಂಬಿಕೆ. ಶಿಕ್ಷಕರ ಕ್ಷೇತ್ರವನ್ನು ಈ ಮನವಿಯಲ್ಲಿ ಮುಟ್ಟಿಲ್ಲ. ನೀವು ಸಹಿ ಹಾಕದಿದ್ದರೂ ನಿಮ್ಮ ಆಕ್ಷೇಪವನ್ನು ನಿಮ್ಮ ಮಾತಿನಲ್ಲೇ ಬರೆದುಕೊಟ್ಟರೆ ಭಿನ್ನಾಭಿಪ್ರಾಯವೆಂದು ಜೊತೆಗೆ ಲಗತ್ತಿಸುತ್ತೇನೆ. ಓದುವವರಿಗೆ ಎರಡೂ ಗೊತ್ತಾಗಲಿ. ಸುರಪುರದ ಅಣ್ಣನವರೇ, ಎರಡನೆಯ ಬೇಡಿಕೆಯ ಪ್ಯಾರಾವನ್ನು ನೀವೇ ಬರೆದರೆ ಚೆನ್ನ. 135ಬಿ ಕಲಂನ ವಿಷಯವೂ ಅದರಲ್ಲಿ ಬರಲಿ. ಸಹಿ ಕನ್ನಡದಲ್ಲಿ ಹಾಕಬಹುದು, ಸಹಿ ಬಾರದವರು ಹೆಬ್ಬೆಟ್ಟು ಒತ್ತಬಹುದು.

ಸುರಪುರದವನು, ಸದ್ಯ ಬೆಂಗಳೂರಿನಲ್ಲಿ

ಭಾನುವಾರ ಕೆಲಸ ಅರ್ಧ ದಿನ. ಅಂದು ಕುಳಿತು ಬರೆದು ಹಾಕುತ್ತೇನೆ. ನಮ್ಮ ಶೆಡ್ಡಿನವರೆಲ್ಲರ ಹೆಬ್ಬೆಟ್ಟು ಸೇರಿಸಿಕೊಂಡು ಬರುತ್ತೇನೆ.

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ

ಎರಡನೆಯ, ಮೂರನೆಯ ಬೇಡಿಕೆಗೆ ನನ್ನ ಸಹಿ ಇದೆ. ಮೊದಲನೆಯದಕ್ಕೆ ಒಂದು ಪುಟದ ಆಕ್ಷೇಪ ಕಳಿಸುತ್ತೇನೆ. ಅದರ ಒಂದು ಸಾಲನ್ನೂ ಕತ್ತರಿಸಬೇಡಿ.